ಎಂಜಲ ಹೂಡಿಕೆ

ಉದ್ಯಮಬಾಗದ ಅಂಗಡಿಯನ್ನು ಮಾರಿದ ಮೇಲೆ ಲಕ್ಷ್ಮಪ್ಪನಿಗೆ ಅನಗೋಳದ ಮನೆಯಲ್ಲಿ ಮೂರು ಕೆಲಸ ಸಿಕ್ಕವು: ನಳಕ್ಕೆ ನೀರು ಬಂತೇ ಎಂದು ನೋಡುವುದು, ಒಣಗಿದ ಬಟ್ಟೆ ಮಡಚುವುದು, ಎಲ್ಲರಿಗೂ ಅಡ್ಡ ಬರುವುದು. ಮೂರನೆಯದರಲ್ಲಿ ಅವನು ಬಹಳ ಬೇಗ ಪಳಗಿದ.

ನಲವತ್ತು ವರ್ಷ ಅವನು ಫೌಂಡ್ರಿಗಳಿಗೆ ಕಟ್ಟಿಗೆಯಲ್ಲಿ ಪ್ಯಾಟರ್ನ್ ಕೆತ್ತಿಕೊಟ್ಟವನು. ಆ ಕಟ್ಟಿಗೆಯ ಆಕಾರವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿದರೆ ಪಂಪಿನ ಹೊಟ್ಟೆಯೋ ಗಾಲಿಯ ನಡುವೋ ಹುಟ್ಟುತ್ತಿತ್ತು. ಅದೇ ಕೆಲಸವನ್ನು ಕಂಪ್ಯೂಟರಿನ ಯಂತ್ರ ಊಟದ ಬಿಡುವೂ ಕೇಳದೆ ಮಾಡತೊಡಗಿದಾಗ ಲಕ್ಷ್ಮಪ್ಪ ಯಾರೊಂದಿಗೂ ಜಗಳವಾಡದೆ ಅಂಗಡಿ ಬಿಟ್ಟುಕೊಟ್ಟ. ಯಂತ್ರ, ಸಾಮಾನು, ಜಾಗದ ಹಕ್ಕು ಎಲ್ಲ ಸೇರಿ ಹತ್ತು ಲಕ್ಷ ಬಂತು. ಲೈಸೆನ್ಸು ಹೆಂಡತಿ ಮಾಯಕ್ಕನ ಹೆಸರಿನಲ್ಲಿದ್ದುದರಿಂದ ದುಡ್ಡೂ ಅವಳ ಖಾತೆಗೇ ಹೋಗಿ ಕೂತಿತು.

ಆ ಹತ್ತು ಲಕ್ಷ ಏನಾಗಬೇಕೆಂದು ಮಗ ಸುಜಯ ಮೊದಲೇ ಗೊತ್ತುಮಾಡಿದ್ದ. ಸೊಸೈಟಿಯೊಂದರಲ್ಲಿ ಕ್ಲಾರ್ಕ್ ಆಗಿದ್ದ ಅವನು ಮನೆಯ ಮೇಲೆ ಎರಡು ಕೋಣೆ, ಒಂದು ಬಚ್ಚಲು ಬರುವ ಹಾಗೆ ನಕ್ಷೆ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ. ಅವನ ಹೆಂಡತಿ ಪ್ರಮಿಳಾ ಪ್ರತಿ ಸಲ ಒಗ್ಗರಣೆ ಹಾಕುವಾಗಲೂ ಒಮ್ಮೆ ಆ ಕಡೆ ನೋಡುತ್ತಿದ್ದಳು. ಎಣ್ಣೆ ಸಿಡಿದು ಸಿಡಿದು ಕಾಗದ ಪಾರದರ್ಶಕವಾಗಿ, ಎರಡು ಕೋಣೆಗಳಲ್ಲಿ ಒಂದರ ಆಚೆಗಿನ ಗೋಡೆಯೇ ಕಾಣತೊಡಗಿತ್ತು.

ಲಕ್ಷ್ಮಪ್ಪನನ್ನು ಮನೆಯಿಂದ ಹೊರಗೆ ಎಳೆದವನು ವಡಗಾವಿಯ ರಸೂಲಸಾಬ. ಎಂಟು ಪವರ್‌ಲೂಮುಗಳನ್ನು ಮಗನಿಗೆ ಒಪ್ಪಿಸಿ ಅವನೂ ಮನೆಯವರ ಕಾಲಿಗೆ ತೊಡರುತ್ತ ಕೂತಿದ್ದ.

"ಶನಿವಾರ ನಾಕಕ್ಕ ಟಿಳಕವಾಡಿಗೆ ಬಾ. ಹೊಟೇಲದಾಗ ಎಸಿ ಹಾಲ್ ಐತಿ. ಹೊಸ ಹೊಸ ಮಂದಿ ಬಂದು ತಮ್ಮ ಧಂದೆ ಹೇಳ್ತಾರ. ನಾವು ಕೇಳೂದು. ಪಸಂದ ಬಂದ್ರ ರೊಕ್ಕ ಹಾಕಿ ಪಾಲು ತಗೊಳ್ಳೂದು."

"ಹಾಕಿದ ರೊಕ್ಕ ತಿರುಗಿ ಬರ್ತಾವೇನು?"

"ಹತ್ತರಾಗ ಒಂದು ಬರ್ತೈತಂತ."

"ಉಳದ ಒಂಬತ್ತು?"

"ಚಾ ಛಲೋ ಇರ್ತೈತಿ ಮಾರಾಯಾ, ಬಾ."

ಹಾಲ್‌ನ ಕಿಟಕಿಯ ಪರದೆಗಳನ್ನೆಲ್ಲ ಎಳೆದಿದ್ದರು. ಹೊರಗೆ ಅಕ್ಟೋಬರಿನ ಬಿಸಿಲು ಇನ್ನೂ ಇತ್ತೋ ಹೋಗಿತ್ತೋ, ಒಳಗೆ ಕೂತವರಿಗೆ ತಿಳಿಯುವಂತಿರಲಿಲ್ಲ. ಪ್ರೊಜೆಕ್ಟರಿನ ನೀಲಿ ಬೆಳಕಿನಲ್ಲಿ ಇಪ್ಪತ್ತೆರಡು ಮುಖಗಳು ಕೆರೆಯ ತಳದಲ್ಲಿದ್ದಂತೆ ತೇಲುತ್ತಿದ್ದವು. ಗುಂಪಿನ ಹೆಸರು ಮಲಪ್ರಭಾ ಏಂಜಲ್ಸ್. ಲಕ್ಷ್ಮಪ್ಪನ ಎಡಕ್ಕೆ ಎಲುಬಿನ ಡಾಕ್ಟರರೊಬ್ಬರು. ದಿನಕ್ಕೆ ಅರವತ್ತು ಮಂದಿ ಬಂದು ಅವರಿಗೆ ನಿನ್ನೆಯ ನೋವು ಹೇಳುತ್ತಿದ್ದರು. ಮುಂದಿನ ವರ್ಷದ ಮಾತು ಕಿವಿಗೆ ಬೀಳುತ್ತಿದ್ದದ್ದು ಶನಿವಾರ ಮಾತ್ರ. ಬಲಕ್ಕೆ ಗೇರುಬೀಜದ ವ್ಯಾಪಾರಿ. ತನ್ನ ವಾಟ್ಸ್ಯಾಪಿನಲ್ಲಿ ಬೀಗರಿಗಿಂತ ಹೆಚ್ಚಾಗಿ ಏಂಜಲ್‌ಗಳೇ ಇದ್ದಾರೆಂದು ಆತ ಹೆಮ್ಮೆಯಿಂದ ತೋರಿಸಿದ. ಮುಂದಿನ ಸಾಲಿನ ನಿವೃತ್ತ ಕರ್ನಲ್ ಸಾಹೇಬರು ಯಾವ ಧಂದೆಗೂ ಒಂದು ಪೈಸೆ ಹಾಕಿದವರಲ್ಲ, ಆದರೆ ಎಲ್ಲರ ಧಂದೆಯ ನಕ್ಷೆಯನ್ನೂ ತಿದ್ದುತ್ತಿದ್ದರು.

ಇಲ್ಲದೇ ಇರುವ ವಸ್ತುಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಹೋದವು. ಎಮ್ಮೆಯ ಕೊರಳಿಗೆ ಕಟ್ಟಿದರೆ ಅದರ ಜ್ವರ ಹೇಳುವ ಗಂಟೆ. ತಾನೇ ಮಡಚಿಕೊಳ್ಳುವ ತರಕಾರಿ ಗಾಡಿ. ಲಕ್ಷ್ಮಪ್ಪ ಚಹದ ಕಪ್ಪು ಹಿಡಿದು ಅವುಗಳನ್ನು ಮನಸ್ಸಿನಲ್ಲೇ ಕೆತ್ತುತ್ತ ಕೂತ. ಕೊನೆಗೆ ಕಾರ್ಯದರ್ಶಿ ಚನ್ನಬಸಯ್ಯ ದೀಪ ಹಾಕಿಸಿ, ಎಂದಿನಂತೆ ಕೇಳಿದ: "ಯಾರು ಲೀಡ್ ತಗೋತೀರಿ? ಮದ್ಲ ಯಾರರ ಒಬ್ಬರು ಹಾಕಿದ್ರ ಉಳದವರು ಹಿಂದ ಬರ್ತಾರ." ಎಲ್ಲರೂ ಬಿಸ್ಕೀಟು ನೋಡಿದರು.

ಆ ಸಂಜೆ ಊಟಕ್ಕೆ ಕೂತಾಗ ಮಾಯಕ್ಕ ವಿಚಾರಿಸಿದಳು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?"

"ಎಂಜಲ ಗುಂಪಿಗೆ."

ಇಂಗ್ಲಿಷಿನ ಆ ಪದ ಅನಗೋಳದ ನಾಲಿಗೆಯಿಂದ ಹೊರಬಂದದ್ದು ಹಾಗೇ. ಮಾಯಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಏನ ಗುಂಪು?"

"ಎಂಜಲ. ದೊಡ್ಡ ದೊಡ್ಡ ಮಂದಿ ಬರ್ತಾರ. ಡಾಕ್ಟರು, ಕರ್ನಲ್ಲು."

"ಅವರೂ?"

"ಎಲ್ಲಾರೂ ಎಂಜಲನ."

ಪುಂಡಿಪಲ್ಯೆ ಬಡಿಸುತ್ತಿದ್ದ ಪ್ರಮಿಳಾ ಎಲ್ಲ ಕೇಳಿಸಿಕೊಂಡಳು, ತಿದ್ದಲಿಲ್ಲ. ಆ ಮನೆಯಲ್ಲಿ ನಗುವುದಕ್ಕೆ ಸಿಗುವುದೇ ಅಪರೂಪ. ಮರುದಿನದಿಂದ ಮಾಯಕ್ಕನ ಕೈಯಿಂದ ಗಂಡನ ತಾಟಿಗೆ ಕೇಳದೆಯೇ ಒಂದು ರೊಟ್ಟಿ ಹೆಚ್ಚು ಬೀಳತೊಡಗಿತು.

ಮೂರನೆಯ ಶನಿವಾರ ಖಾನಾಪುರದ ಮಹೇಕ ಬಂದಳು. ಇಪ್ಪತ್ತೇಳರ ಹೆಣ್ಣುಮಗಳು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಕರೆಂಟಿಲ್ಲದೆ ಕಾಯಿಪಲ್ಯೆ ತಂಪಾಗಿ ಇಡುವ ಮಣ್ಣಿನ ಪೆಟ್ಟಿಗೆ ಅವಳದು. ಗಡಿಗೆಯೊಳಗೊಂದು ಗಡಿಗೆ, ನಡುವೆ ಹಸಿ ಮರಳು. ಪರದೆಯ ಮೇಲೆ ಚಿತ್ರವೇನೂ ತೋರಿಸದೆ ಒಂದನ್ನು ಹೊತ್ತುಕೊಂಡೇ ಬಂದಿದ್ದಳು. ಕರ್ನಲ್ ಸಾಹೇಬರು ಅದರ ಮೇಲೆ ಬೆರಳಿನಿಂದ ಬಡಿದು ನೋಡಿದರು.

"ಮುಚ್ಚಳ ಸರಿಯಾಗಿ ಕೂಡವಲ್ತು," ಅಂದರು.

"ಅದ ತ್ರಾಸ ಐತ್ರಿ," ಮಹೇಕ ಒಪ್ಪಿಕೊಂಡಳು. "ಕೈಲೆ ಮಾಡ್ತೀವಿ. ಒಂದಕ್ಕ ಒಂದು ತಾಳಿ ಬರೂದಿಲ್ಲ. ಸಂದಿನ್ಯಾಗ ಗಾಳಿ ಹೊಕ್ಕರ ಮುಗೀತು, ತಂಪಿಲ್ಲ ಏನಿಲ್ಲ. ಅಚ್ಚು ಮಾಡಸಬೇಕು, ಆಮ್ಯಾಲ ಭಟ್ಟಿ ದೊಡ್ಡದು ಮಾಡಬೇಕು. ಇಪ್ಪತ್ತು ಲಕ್ಷ ಬೇಕ್ರಿ."

ಲಕ್ಷ್ಮಪ್ಪ ಎದ್ದು ಹೋಗಿ ಮುಚ್ಚಳವನ್ನು ಕೈಗೆ ತೆಗೆದುಕೊಂಡ. ಮೂರು ವಾರದಲ್ಲಿ ಅವನು ಅಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು.

"ಸುಟ್ಟ ಮ್ಯಾಲ ಎಷ್ಟ ಕುಗ್ಗತೈತಿ?"

"ಯಾವಾಗ ಎಷ್ಟಂತ ಹೇಳಾಕ ಬರೂದಿಲ್ಲ, ಕಾಕಾ."

"ಕಬ್ಬಣ ಅಡಿಗೆ ಒಂದು ನೂಲು, ಅಂದ್ರ ಇಂಚಿನ ಎಂಟನೇ ಪಾಲು, ಕುಗ್ಗತೈತಿ. ಅದಕ್ಕ ನಾವು ಪ್ಯಾಟರ್ನ್ ಮಾಡೂ ಮುಂದ ಅಷ್ಟು ದೊಡ್ಡದ ಮಾಡ್ತೀವಿ. ನಮ್ಮ ಅಳತಿ ಪಟ್ಟೀನ ಬ್ಯಾರೆ ಇರ್ತೈತಿ, ಅದರ ಒಂದು ಅಡಿ ಖರೇ ಅಡಿಗಿಂತ ಒಂದು ನೂಲು ಉದ್ದ. ಮಣ್ಣಿಗೂ ಅಂಥಾ ಪಟ್ಟಿ ಮಾಡಬೇಕು."

"ಮಾಡಕೊಡ್ತೀರೇನು?"

ರಸೂಲಸಾಬ ಚಹ ಕುಡಿಯುವುದನ್ನು ಮರೆತು ಗೆಳೆಯನ ಮುಖ ನೋಡಿದ. ಲಕ್ಷ್ಮಪ್ಪ ಮುಚ್ಚಳವನ್ನು ತಿರುಗಿಸುತ್ತ, ಯಾವುದೋ ದೂರದ ಹಾಡು ಕೇಳಿಸಿಕೊಳ್ಳುವವನಂತೆ ನಿಂತಿದ್ದ.

ಮರುದಿನ ಭಾನುವಾರ. ಕಣಕುಂಬಿಯಿಂದ ಮಾಯಕ್ಕನ ತಮ್ಮ ಭರಮಣ್ಣ ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತುಕೊಂಡು ಬಂದಿಳಿದ. ಚೀಲವನ್ನು ಪಡಸಾಲೆಯಲ್ಲಿ ಕೆಡವಿ, ಬನಿಯನ್ ಹಾಕಿಕೊಂಡು ಬಟ್ಟೆ ಮಡಚುತ್ತಿದ್ದ ಭಾವನ ಎದುರು ಕೂತ. ಅವನ ಕಣ್ಣು ತುಂಬಿತ್ತು.

"ಭಾವಾ, ನಾ ಪರಕೀಯ ಅದೀನೇನು? ಮನ್ಯಾಗ ಅಕ್ಕಿ ಇಲ್ಲಂದ್ರ ಒಂದು ಫೋನ್ ಹಚ್ಚಬಾರದೇನು?"

"ಯಾರ ಮನ್ಯಾಗ ಅಕ್ಕಿ ಇಲ್ಲ?"

"ಮುಚ್ಚಿಡಬ್ಯಾಡ್ರಿ. ಶನಿವಾರಕ್ಕೊಮ್ಮೆ ಹೊಟೇಲದಾಗ ಎಂಜಲಕ್ಕ ಕುಂದರತೀರಂತ. ಅಕ್ಕ ಫೋನಿನ್ಯಾಗ ಅತ್ತಳು."

ಪ್ರಮಿಳಾ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಸುಜಯ ಪೇಪರು ಕೆಳಗಿಟ್ಟ.

"ಅದು ಎಂಜಲ ಅಲ್ಲ ಮಾಮಾ, ಏಂಜಲ್! ಇಂಗ್ಲಿಷ್. ಏಂಜಲ್ ಅಂದ್ರ ದೇವದೂತ."

ಭರಮಣ್ಣ ಭಾವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಇವರು?"

"ನಾನೂ ಹಂಗ ಕೇಳಿದ್ನಿ," ಅಂದ ಸುಜಯ.

ಅಳುವುದೋ ನಗುವುದೋ ಗೊತ್ತಾಗದೆ ಮಾಯಕ್ಕ ಚೀಲದ ಬಾಯಿ ಬಿಚ್ಚಿ ಅಕ್ಕಿ ಮೂಸಿದಳು. "ಅಲ್ರೀ, ಮತ್ತ ಅಲ್ಲಿ ಖರೇ ಏನ ಮಾಡ್ತೀರಿ?"

ಲಕ್ಷ್ಮಪ್ಪ ಕೈಯಲ್ಲಿದ್ದ ಲಂಗವನ್ನು ನಾಲ್ಕು ಮಡಿಕೆ ಮಾಡಿದ. "ಯಾರರ ಒಂದು ಹೊಸಾದು ಮಾಡಿರ್ತಾರ. ಅದು ನಡೀತೈತೋ ಇಲ್ಲೋ ಯಾರಿಗೂ ಗೊತ್ತಿರೂದಿಲ್ಲ. ಎಲ್ಲಾರಿಗೂ ಅಂಜಿಕಿ. ಒಬ್ಬಾಂವ ಮದ್ಲ ತನ್ನ ರೊಕ್ಕ ಹಾಕತಾನ. ಅವನ್ನ ನೋಡಿ ಉಳದವರು ಹಾಕತಾರ."

ಮಾಯಕ್ಕ ಹಿಡಿಯ ಅಕ್ಕಿಯನ್ನು ಚೀಲಕ್ಕೆ ಬಿಟ್ಟಳು. "ಮತ್ತ ಎಂಜಲನ ಆತಲ್ಲ."

"ಹೆಂಗ?"

"ಕೂಸಿಗೆ ಗಂಜಿ ಕುಡಸೂ ಮುಂದ ಮದ್ಲ ನಾವು ಬಾಯಿಗೆ ಹಚ್ಚಿ ನೋಡೂದಿಲ್ಲ? ಸುಟ್ರ ನಮ್ಮ ನಾಲಿಗಿ ಸುಡ್ಲಿ ಅಂತ. ಅದ ಎಂಜಲ."

ಚನ್ನಬಸಯ್ಯ ಮೂರು ವಾರ ಪರದೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದು ಲಕ್ಷ್ಮಪ್ಪನಿಗೆ ಆಗ ತಿಳಿಯಿತು. ತಂದ ಅಕ್ಕಿ ಒಯ್ಯಲಾಗದೆ ಭರಮಣ್ಣ ಅದೇ ಅಕ್ಕಿಯ ಅನ್ನ ಉಂಡು ಮಧ್ಯಾಹ್ನದ ಬಸ್ಸಿಗೆ ಹೋದ.

ಮುಂದಿನ ಶನಿವಾರ ಮಹೇಕಳ ಪೆಟ್ಟಿಗೆಯ ಮಾತು ಮತ್ತೆ ಬಂತು. ಎಲ್ಲರಿಗೂ ಅದು ಹಿಡಿಸಿತ್ತು. ಡಾಕ್ಟರರು ಗೇರುಬೀಜದವನನ್ನು ನೋಡಿದರು, ಗೇರುಬೀಜದವ ಕರ್ನಲ್ಲರನ್ನು, ಕರ್ನಲ್ಲರು ಬಿಸ್ಕೀಟನ್ನು. "ಯಾರು ಲೀಡ್?" ಅಂದ ಚನ್ನಬಸಯ್ಯ.

"ನಾ ಎಂಜಲ ಮಾಡ್ತೀನ್ರಿ," ಎಂದು ಲಕ್ಷ್ಮಪ್ಪ ಎದ್ದು ನಿಂತ.

"ಎಷ್ಟ ಹಾಕತೀರಿ?"

"ಹತ್ತು ಲಕ್ಷ."

ಚಪ್ಪಾಳೆ ಬಿತ್ತು. ಆ ನೀಲಿ ಬೆಳಕಿನಲ್ಲಿ ಲಕ್ಷ್ಮಪ್ಪನಿಗೆ ತನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಟಿಳಕವಾಡಿಯಿಂದ ಅನಗೋಳದವರೆಗೆ ನಡೆದೇ ಬಂದ. ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗಿ ಗೇಟು ತೆರೆದ ಮೇಲೂ ನಿಂತೇ ಇದ್ದ. ಹಿಂದಿನ ರಿಕ್ಷಾದವನು ಹಾರ್ನು ಬಾರಿಸಿದ ಮೇಲೆ, ಆ ಹತ್ತು ಲಕ್ಷ ತನ್ನದಲ್ಲವೆಂಬುದು ನೆನಪಾಯಿತು.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಚನ್ನಬಸಯ್ಯ ಸುಜಯನ ಸೊಸೈಟಿಯ ಲೆಕ್ಕ ತಪಾಸಣೆಗೆ ಹೋಗುವವನು. ಅಭಿನಂದನೆ ಹೇಳಲು ಸುಜಯನಿಗೇ ಫೋನ್ ಹಚ್ಚಿದ್ದ.

"ಅಪ್ಪಾ, ಮ್ಯಾಲಿನ ಮನಿ ಏನಾತು?"

"ಕಟ್ಟೂಣಲ್ಲ. ಮುಂದ."

"ಮುಂದಂದ್ರ? ಗಡಿಗಿ ಮಾರಿ?"

"ಗಡಿಗಿ ಅಲ್ಲದು. ಪೆಟಗಿ."

"ಹತ್ತರಾಗ ಒಂಬತ್ತು ಮುಳಗತಾವಂತ ಚನ್ನಬಸಯ್ಯಾರ ಹೇಳಿದ್ರು. ನಗಕೋತ ಹೇಳಿದ್ರು! ಅಪ್ಪಾ, ನಾವು ಮೂರು ವರ್ಷದಿಂದ ಪಡಸಾಲ್ಯಾಗ ಪರದೆ ಕಟ್ಟಕೊಂಡು ಮಲಗತೇವಿ. ನಿನಗ ಚಪ್ಪಾಳಿ ಬೇಕಾಗಿತ್ತೇನು?"

"ಚಪ್ಪಾಳಿ ಅಲ್ಲೋ. ಆಕಿಗೆ ಮುಚ್ಚಳ ಕೂಡವಲ್ತು."

"ನನಗೂ ಕೂಡವಲ್ತು!" ಎಂದು ಸುಜಯ ತಾಟು ಸರಿಸಿ ಎದ್ದ.

ಮಾಯಕ್ಕ ಇಬ್ಬರನ್ನೂ ನೋಡಿದಳು. "ರೊಕ್ಕ ನನ್ನ ಖಾತೇದಾಗ ಅದಾವ. ಸಹಿ ನಂದು. ನಾ ಹೋಗಿ ಆ ಪೆಟಗಿ ನೋಡಿ ಬರೂಮಟ ಯಾರೂ ಪಿಟ್ಟೆನ್ನಬ್ಯಾಡ್ರಿ."

ಎರಡು ವಾರ ಯಾರೂ ಪಿಟ್ಟೆನ್ನಲಿಲ್ಲ. ಸುಜಯ ಅಪ್ಪ ಉಣ್ಣುವ ಮೊದಲೇ ಉಂಡು ಏಳುತ್ತಿದ್ದ, ಇಲ್ಲವೇ ಅಪ್ಪ ಉಂಡ ಮೇಲೆ ಬರುತ್ತಿದ್ದ. "ನಿಮ್ಮಿಬ್ಬರ ಸಿಟ್ಟಿಗೆ ನಾ ಎರಡೆರಡು ಸಲ ಹಂಚು ಕಾಸಬೇಕೇನು?" ಎಂದು ಪ್ರಮಿಳಾ ರೊಟ್ಟಿ ಬಡಿಯುತ್ತಲೇ ಗೋಡೆಗೆ ಹೇಳಿದಳು. ಲಕ್ಷ್ಮಪ್ಪ ಬುಧವಾರಕ್ಕೊಮ್ಮೆ ಅಚ್ಚು ಕೆತ್ತಲು ಖಾನಾಪುರಕ್ಕೆ ಹೋಗಿ ಬರತೊಡಗಿದ. ಬಂದಾಗ ಅಂಗಿಯ ಜೇಬಿನಿಂದ ಸಾಗವಾನಿಯ ಹೊಟ್ಟು ಉದುರುತ್ತಿತ್ತು. ಮಾಯಕ್ಕ ಅದನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು, ಯಾಕೋ ಕೂಡಲೇ ಚೆಲ್ಲುತ್ತಿರಲಿಲ್ಲ.

ನವೆಂಬರಿನ ಕೊನೆಗೆ ಭಟ್ಟಿ ತೆರೆಯುವ ದಿನ ಅವಳೂ ಹೊರಟಳು. ಬೆಳಗಿನ ಬಸ್ಸು ಮಂಜಿನಲ್ಲಿ ತೇಲುತ್ತ ಹೋಯಿತು. ದೇಸೂರು ದಾಟಿದ ಮೇಲೆ ಹೊಲವಿಲ್ಲ, ರಸ್ತೆಯಿಲ್ಲ. ಬಿಳಿಯ ಅರಿವೆಯಲ್ಲಿ ಅಲ್ಲಲ್ಲಿ ಒಂದು ಮರದ ನೆತ್ತಿ, ಒಂದು ಎಮ್ಮೆಯ ಬೆನ್ನು. ಖಾನಾಪುರದಲ್ಲಿ ಇಳಿದಾಗ ಹೆಂಚಿನ ಭಟ್ಟಿಗಳ ಹೊಗೆ ಮಂಜಿನ ಜೊತೆ ಸೇರಿ, ಯಾವುದು ಯಾವುದೆಂದು ಹೇಳಲು ಬರದಂತೆ ಊರ ಮೇಲೆ ಮಲಗಿತ್ತು.

ಮಹೇಕ ಭಟ್ಟಿಯ ಬಾಯಿಯ ಇಟ್ಟಂಗಿ ತೆಗೆದಳು. ಲಕ್ಷ್ಮಪ್ಪ ತನ್ನ ಅಚ್ಚಿನಲ್ಲಿ ಒತ್ತಿದ ಹನ್ನೆರಡು ಮುಚ್ಚಳಗಳನ್ನು ಅರಿವೆ ಸುತ್ತಿದ ಕೈಯಿಂದ ಒಂದೊಂದಾಗಿ ಹೊರಗಿಟ್ಟ. ಹನ್ನೆರಡೂ ತದ್ರೂಪ, ಒಂದೇ ತಾಯಿಯ ಮಕ್ಕಳ ಹಾಗೆ. ಮೊದಲನೆಯದನ್ನು ಗಡಿಗೆಯ ಮೇಲೆ ಇಟ್ಟ. ಅದು ಸದ್ದಿಲ್ಲದೆ ಒಳಕ್ಕೆ ಜಾರಿ ತಳಕ್ಕೆ ಹೋಗಿ ಬಿತ್ತು. ಎರಡನೆಯದೂ ಬಿತ್ತು. ಹನ್ನೆರಡೂ ಬೆರಳಗಲ ಸಣ್ಣವಾಗಿದ್ದವು.

"ಮಣ್ಣು ನಾ ಅಂದಕೊಂಡಿದ್ದಕ್ಕಿಂತ ಜಾಸ್ತಿ ಕುಗ್ಗೈತಿ," ಅಂದ ಲಕ್ಷ್ಮಪ್ಪ. ದನಿಯಲ್ಲಿ ಬೇಸರವಿರಲಿಲ್ಲ. ಮಣ್ಣಿನ ಬಗ್ಗೆ ಅವನಿಗೆ ಗೌರವ ಹುಟ್ಟಿದಂತಿತ್ತು. "ಆದ್ರ ಎಲ್ಲಾ ಒಂದಾ ಸಮ ಕುಗ್ಯಾವ, ನೋಡ ಮಹೇಕ! ಒಂದಾ ಸಮ! ಅಂದ್ರ ಇದಕ್ಕ ಅಳತಿ ಪಟ್ಟಿ ಮಾಡಾಕ ಬರ್ತೈತಿ."

ಮಾಯಕ್ಕ ಹುಡುಗಿಯ ಕಡೆ ತಿರುಗಿದಳು. "ಎಷ್ಟನೇ ಸಲ ಕೆಟ್ಟಿದ್ದು ಇದು?"

"ಹದಿನಾರನೇದ್ದು, ಕಾಕೂ."

"ಇನ್ನ ಎಷ್ಟ ಸಲ ಕೆಡ್ತೈತಿ?"

"ಗೊತ್ತಿಲ್ಲರಿ."

"ರೊಕ್ಕ ಕೇಳಾಕ ಬಂದವರು ಹಂಗನಬಾರದವ್ವಾ."

"ಖರೇ ಗೊತ್ತಿಲ್ಲರಿ. ಸುಳ್ಳ ಹೇಳಿದ್ರ ನಾಳೆ ನೀವ ಬಂದು ಕೇಳ್ತೀರಿ."

ಮೂಲೆಯಲ್ಲಿ ಹಳೆಯದೊಂದು ಪೆಟ್ಟಿಗೆ ಇತ್ತು, ಕೈಯಿಂದ ಮಾಡಿದ್ದು, ಅದೃಷ್ಟಕ್ಕೆ ಮುಚ್ಚಳ ಸರಿಯಾಗಿ ಕೂತದ್ದು. ಮಾಯಕ್ಕ ಅದನ್ನು ತೆರೆದು ಒಂದು ಹಿಡಿ ಮೆಂತೆ ಸೊಪ್ಪು ತೆಗೆದಳು. ದೇಟು ಮುರಿದು ಕಿವಿಯ ಹತ್ತಿರ ಹಿಡಿದಳು. ಟಕ್ಕೆಂದಿತು.

"ಇವತ್ತಿಂದ?"

"ಹೋದ ಸಂತೀದು. ಐದು ದಿನ ಆತು."

ಅವಳು ಒಂದೆಲೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು. ಅಂಗಳದಲ್ಲಿ ಮಂಜು ಹರಿದು ಬಿಸಿಲು ಇಳಿಯುತ್ತಿತ್ತು. ಯಾರೂ ಅವಸರ ಮಾಡಲಿಲ್ಲ.

ತೀರ್ಪು ಬಂದದ್ದು ಮರುದಿನ ಊಟದ ಹೊತ್ತಿಗೆ, ಎಲ್ಲರನ್ನೂ ಒಟ್ಟಿಗೇ ಕೂರಿಸಿ. "ಐದು ಪೆಟಗಿಗೆ. ಐದು ಮ್ಯಾಲಿನ ಮನಿಗೆ."

"ಐದರಾಗ ಒಂದ ಕೋಣಿ ಆಗತೈತಿ ಅವ್ವಾ," ಅಂದ ಸುಜಯ. "ಬಚ್ಚಲೂ ಇಲ್ಲ."

"ಕೋಣಿ ಒಂದ ಸಾಕು," ಪ್ರಮಿಳಾ ಥಟ್ಟನೆ ಹೇಳಿದಳು. "ಬಾಗಲಾ ಒಂದು ಇರಲಿ. ಒಳಗಿಂದ ಚಿಲಕ ಹಾಕುವಂಥಾದ್ದು." ಹೇಳಿದ ಮೇಲೆ ನಾಚಿಕೊಂಡು ಸಾರಿನ ಪಾತ್ರೆಯಲ್ಲಿ ಸೌಟು ಹುಡುಕಿದಳು. ಸುಜಯ ತಾಟನ್ನು ಹತ್ತಿರ ಎಳೆದುಕೊಂಡ.

ಶನಿವಾರ ಲಕ್ಷ್ಮಪ್ಪ ತನ್ನ ಹತ್ತನ್ನು ಐದಕ್ಕೆ ಇಳಿಸಿದಾಗ ಯಾರೂ ನಗಲಿಲ್ಲ. ಹನ್ನೆರಡು ಮುಚ್ಚಳ ಬಿದ್ದದ್ದನ್ನೂ ಅವನು ಮುಚ್ಚಿಡಲಿಲ್ಲ. ಮೊದಲು ಡಾಕ್ಟರರು ಐದು ಅಂದರು, ಆಮೇಲೆ ರಸೂಲಸಾಬ ಮೂರು ಅಂದ. ಕರ್ನಲ್ ಸಾಹೇಬರು ಜೀವನದಲ್ಲಿ ಮೊದಲ ಸಲ ಕೈಯೆತ್ತಿ, ಎತ್ತಿದ ಕೈಯನ್ನು ತಾವೇ ಆಶ್ಚರ್ಯದಿಂದ ನೋಡಿಕೊಂಡರು.

ವಾರ ಬಿಟ್ಟು ಕಾಗದಗಳು ಬಂದವು. ಎಲ್ಲ ಇಂಗ್ಲಿಷಿನಲ್ಲಿ. ಹೂಡಿಕೆದಾರರ ಹೆಸರಿನ ಜಾಗದಲ್ಲಿ ಮಾಯಕ್ಕನ ಹೆಸರು. ಲಕ್ಷ್ಮಪ್ಪ ಖಾನಾಪುರದಲ್ಲಿದ್ದ, ಈಗ ಅವನು ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಸಂಜೆ ಬರುತ್ತಿದ್ದ. ತುಂಬಿಕೊಡುವ ಕೆಲಸ ಸುಜಯನ ಪಾಲಿಗೆ ಬಂತು. ಮುಖ ಗಂಟು ಹಾಕಿಕೊಂಡೇ ಪಡಸಾಲೆಯಲ್ಲಿ ತಾಯಿಯ ಎದುರು ಕೂತು ಒಂದೊಂದೇ ಕಾಲಂ ತುಂಬುತ್ತ ಬಂದ. ಹೊರಗೆ ಮೇಸ್ತ್ರಿ ಕಲ್ಲಯ್ಯ ಇಟ್ಟಂಗಿ ಇಳಿಸಿಕೊಳ್ಳುತ್ತಿದ್ದ.

"ಹೂಡಿಕಿ ಯಾಕ ಮಾಡ್ತೀರಿ ಅಂತ ಕೇಳ್ಯಾರ ಅವ್ವಾ. ಇದರಾಗ ಯಾವುದರ ಒಂದಕ್ಕ ಟಿಕ್ ಹಾಕಬೇಕು. ಲಾಭಕ್ಕ?"

"ಬಂದಾಗ ನೋಡೂಣಂತ."

"ಟ್ಯಾಕ್ಸ್ ಉಳಸಾಕ?"

"ನಾ ಎಲ್ಲಿ ಟ್ಯಾಕ್ಸ್ ಕಟ್ಟತೀನಿ?"

"ಆ ಧಂದೇದ ಅನುಭವ ಐತಿ ಅಂತ?"

"ನಿಮ್ಮಪ್ಪಗ ಐತಿ. ನಂದಲ್ಲ."

"ಹೊಸಬರಿಗೆ ದಾರಿ ತೋರಸಾಕ?"

"ಆ ಹುಡುಗೀಗೆ ನಾನೇನ ದಾರಿ ತೋರಸಲಿ?"

"ಹಂಗಾರ 'ಇತರೆ' ಅಂತ ಒಂದೈತಿ. ಅಲ್ಲಿ ನೀನ ಹೇಳಬೇಕು. ಏನ ಬರೀಲಿ?"

ಮಾಯಕ್ಕ ಕಾಲು ನೀಡಿ ಕೂತು ಗೋಡೆಗೆ ಒರಗಿದಳು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಬಂದು ಅವಳ ಪಾದದ ಮೇಲೆ ಮಲಗಿತ್ತು. ಅವಳು ಆ ಬಿಸಿಲನ್ನೇ ನೋಡುತ್ತ ಹೇಳಿದಳು.

"ಇವರು ಮುಂಜಾನೆ ಹೊಂಟ ಹೋದ್ರ ಮನಿ ಹಗುರ ಅನಸ್ತೈತಿ. ಸಂಜೀಕ ಬರೂದು ಸ್ವಲ್ಪ ತಡಾ ಆತಂದ್ರ, ಇನ್ನ ಯಾಕ ಬರವಲ್ರು ಅಂತ ಬಾಗಲದಾಗ ಹೋಗಿ ನಿಂದರತೀನಿ. ಲಗ್ನಾದ ಹೊಸದಾಗ ಹಂಗ ನಿಂದರತಿದ್ದೆ. ಅದನ್ನ ಬರಿ."

ಸುಜಯ ತಲೆಯೆತ್ತಲಿಲ್ಲ. ಪೆನ್ನಿನ ತುದಿ ಕಾಗದದ ಮೇಲೆ ಒಂದು ಸಣ್ಣ ಚುಕ್ಕಿ ಮಾಡಿ ನಿಂತಿತ್ತು.

"ಅಷ್ಟೆಲ್ಲಾ ಬರ್ಯಾಕ ಇದರಾಗ ಜಾಗಾ ಇಲ್ಲವ್ವಾ. ಒಂದ ಗೆರಿ ಕೊಟ್ಟಾರ."

"ಹಂಗಾರ ಬಾಜೂಕ ಬರಿ."

ಅವನು ಹಾಳೆಯನ್ನು ಅಡ್ಡ ತಿರುಗಿಸಿಕೊಂಡು, ಅಂಚಿನುದ್ದಕ್ಕೂ, ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯತೊಡಗಿದ.